ಹಸಿ ಬಣ್ಣದ ಕಂಬಿ

ಬಣ್ಣ ಬಳಿಯುವವನಿಗೆ ಎತ್ತರ ಕಂಡರೆ ಜೀವ ಬಾಯಿಗೆ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಪೇಂಟರು ಆ ಪೈಕಿ. ಅರ್ಧ ಆಯುಸ್ಸು ಬಾಗಿಲು, ಗೇಟು, ಅಂಗಡಿಯ ಷಟರು ಎಂದು ಬಳಿದುಕೊಂಡೇ ಕಳೆದಿದ್ದರು. ಏಣಿಯ ಎರಡನೇ ಮೆಟ್ಟಿಲು ಮಾತ್ರ ದಾಟಿದವರಲ್ಲ. ಅದರ ಮೇಲಿನದಕ್ಕೆಲ್ಲ ಹೆಂಡತಿಯ ತಮ್ಮನಿದ್ದ. ಅವನು ತುದಿಯಲ್ಲಿ ನಿಂತು ಸಿಳ್ಳೆ ಹಾಕುತ್ತ ಬಳಿಯುತ್ತಿದ್ದರೆ, ಇವರು ಕತ್ತೆತ್ತದೆ ಕೆಳಗೆ ಬಣ್ಣ ಕಲಸುತ್ತಿದ್ದರು. ಜೊತೆ ಕೆಲಸದವರು ಇವರಿಗೆ ನೆಲಮಾಳಿಗೆ ಎಂದು ಅಡ್ಡಹೆಸರಿಟ್ಟಿದ್ದರು.

ಎಡವಟ್ಟಾದದ್ದು ಮಗಳ ಮದುವೆ ಮಾತುಕತೆಯಲ್ಲಿ. ಭಾವನ ತೂಕ ಹೆಚ್ಚಿಸಲು ಹೊರಟ ಮೈದುನ, "ಊರ ನೀರಿನ ಟ್ಯಾಂಕಿಗೆ ಬಣ್ಣ ಹೊಡೆದೋರು ನಮ್ ಭಾವಾನೇ. ಸೊಂಟಕ್ಕೆ ಹಗ್ಗಾನೂ ಕಟ್ಕೊಳ್ಳಿಲ್ಲ" ಎಂದುಬಿಟ್ಟ. ನಿಜಕ್ಕೂ ಹೊಡೆದವನು ಆ ಮೈದುನನೇ. ಪೇಂಟರು ತುಟಿ ಬಿಚ್ಚಲಿಲ್ಲ. ಬೀಗರ ಕಣ್ಣಲ್ಲಿ ಕಂಡ ಮೆಚ್ಚುಗೆಯನ್ನು ತಿರುಗಿಸಿ ಕೊಡುವಷ್ಟು ದೊಡ್ಡ ಮನಸ್ಸು ಯಾರಿಗಿರುತ್ತದೆ ಹೇಳಿ.

ಆ ಬೀಗರು ಬೆಟ್ಟದ ಮೇಲಿನ ಬುದ್ಧನ ಗುಡಿಯ ಸಮಿತಿಯಲ್ಲಿದ್ದರು. ಮೆಟ್ಟಿಲ ಪಕ್ಕದ ಕಂಬಿ ತುಕ್ಕು ಹಿಡಿದಾಗ, ಟ್ಯಾಂಕು ಹತ್ತಿದ ಬೀಗರಿರುವಾಗ ಬೇರೆಯವರೇಕೆ ಎಂದು ಕೆಲಸ ಗೊತ್ತುಮಾಡಿಯೇಬಿಟ್ಟರು. ಮೈದುನ ಅಷ್ಟರಲ್ಲಿ ದೂರದ ಬಂದರಿಗೆ ಕೆಲಸಕ್ಕೆ ಹೋಗಿದ್ದ.

"ಹೊಟ್ಟೆನೋವು ಅಂತ ಹೇಳ್ಬಿಡ್ಲಾ?" ಎಂದು ಪೇಂಟರು ಹೆಂಡತಿಯನ್ನು ಕೇಳಿದರು.

"ಹೇಳಿ. ಗುಣ ಆಗೋವರೆಗೂ ಕಾಯ್ತಾರೆ. ಆಮೇಲೆ ಇನ್ಯಾವ ನೋವು ತರ್ತೀರಿ?"

ಕೊನೆಗೆ ಆಕೆಯೇ ಜೊತೆಗೆ ಹೊರಟಳು. ಭಕ್ತರಿಗೆ ಅವತ್ತು ದಾರಿ ಮುಚ್ಚಿತ್ತು. ಕೆಳಗಿನ ಮೆಟ್ಟಿಲುಗಳಿಗೆ ಎರಡೂ ಕಡೆ ಕಲ್ಲಿನ ಗೋಡೆಯಿದ್ದುದರಿಂದ ಪೇಂಟರು ಅಲ್ಲಿಯವರೆಗೆ ಮಾತಾಡುತ್ತಲೇ ಹತ್ತಿದರು. ಕೊನೆಯ ತಿರುವಿನಲ್ಲಿ ಗೋಡೆ ಮುಗಿಯಿತು, ಮಾತೂ ನಿಂತಿತು. ಅಲ್ಲಿಂದ ಮೇಲೆ ಬೋಳು ಬಂಡೆಯಲ್ಲಿ ಕೊರೆದ ಕಡಿದಾದ ಮೆಟ್ಟಿಲು. ಎಡಕ್ಕೆ ಕಂಬಿ, ಅದರಾಚೆ ಬರೀ ಗಾಳಿ. ಬಲಕ್ಕೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲದೆ ಜಾರಿಹೋದ ಬಂಡೆ. ಅದು ಎಲ್ಲಿ ಮುಗಿಯುತ್ತದೆಂದು ಅವರು ನೋಡಲಿಲ್ಲ.

ಹೆಂಡತಿ ಮುಂದೆ ಮುಂದೆ ಉಪ್ಪುಕಾಗದದಿಂದ ತುಕ್ಕು ಉಜ್ಜುತ್ತ ಹೋದಳು. ಇವರು ಉಜ್ಜಿದ ಕಂಬಿಯನ್ನು ಎಡಗೈಯಲ್ಲಿ ಉಡದಂತೆ ಹಿಡಿದು, ಬಲಗೈಯಲ್ಲಿ ಹಸಿರು ಬಣ್ಣ ಬಳಿಯುತ್ತ ಏರಿದರು. ಮೂಗಿನ ಮುಂದಿನ ಕಂಬಿ ಬಿಟ್ಟು ಬೇರೆ ಏನನ್ನೂ ನೋಡದಿದ್ದರೆ ಎತ್ತರವೆಂಬುದೇ ಇಲ್ಲವೆಂದು ಮಧ್ಯಾಹ್ನದ ಹೊತ್ತಿಗೆ ಅವರಿಗೆ ಅನ್ನಿಸತೊಡಗಿತು. ಬಿಸಿಲು ಇಳಿಯುವಾಗ ತುದಿ ಮುಟ್ಟಿದರು. ಒಳಗೆ ಬುದ್ಧ ಅರ್ಧ ಕಣ್ಣು ಮುಚ್ಚಿ ಕೂತಿದ್ದ. ಇಷ್ಟು ಎತ್ತರದಲ್ಲಿ ಅದೇ ಜಾಣತನ ಎಂದುಕೊಂಡು ಕೈಮುಗಿದರು. ಭಿಕ್ಷು ಕುಡಿಯಲು ನೀರು ಕೊಟ್ಟು, "ಚೆನ್ನಾಗಿ ಬಂದಿದೆ. ಬೆಳಿಗ್ಗೆ ಸಮಿತಿಯವರು ನೋಡೋಕೆ ಬರ್ತಾರೆ" ಎಂದರು.

ಇಳಿಯಲೆಂದು ತಿರುಗಿದಾಗ ಪೇಂಟರ ಕೈ ತಾನಾಗಿಯೇ ಕಂಬಿಯತ್ತ ಹೋಗಿ, ನಡುವೆಯೇ ನಿಂತಿತು.

ತುದಿಯಿಂದ ತಿರುವಿನವರೆಗೂ ಕಂಬಿ ಹಸಿಯಾಗಿ ಹೊಳೆಯುತ್ತಿತ್ತು. ಹತ್ತುವಾಗ ಹಿಡಿಯಲು ಒಣಕಂಬಿ ಇರಲಿ ಎಂದು ಕೆಳಗಿನಿಂದ ಶುರುಮಾಡಿದ ಮಹಾನುಭಾವರಿಗೆ ಇಳಿಯುವ ಯೋಚನೆಯೇ ಬಂದಿರಲಿಲ್ಲ. ಬಣ್ಣ ಒಣಗಲು ಬೆಳಗಾಗಬೇಕು. ರಾತ್ರಿ ಹೊರಗಿನವರು ಗುಡಿಯಲ್ಲಿ ಉಳಿಯುವಂತಿಲ್ಲ. ಹಿಡಿದರೆ ನಾಳೆ ಬೀಗರ ಕಣ್ಣ ಮುಂದೆ ಉದ್ದಕ್ಕೂ ಕೈಗುರುತು. ಟ್ಯಾಂಕಿನ ಶೂರನ ಬಣ್ಣ ಬಯಲು. ಮೇಲಾಗಿ, ಕೆಟ್ಟದ್ದನ್ನು ಸರಿಮಾಡಲು ಮತ್ತೆ ಇಲ್ಲಿಗೇ ಹತ್ತಬೇಕು. ಹಿಡಿಯದಿದ್ದರೆ, ತಾನು ಮನೆ ಸೇರುವುದಿಲ್ಲ ಎಂದೇ ಅವರಿಗೆ ಖಾತ್ರಿಯಾಗಿತ್ತು.

ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ನೀನು ಮುಂದೆ ನಡಿ. ನಾನು ಕೂತ್ಕೊಂಡೇ ಬರ್ತೀನಿ."

ಕುಂಡೆಯ ಮೇಲೆ ಒಂದೊಂದೇ ಮೆಟ್ಟಿಲು ಇಳಿದರು. ಕಣ್ಣನ್ನು ಹೆಂಡತಿಯ ಬೆನ್ನಿಗೆ ನೆಟ್ಟಿದ್ದರು. ಆ ಬೆನ್ನು ಅಲ್ಲಾಡದೆ ಮುಂದೆ ಹೋಗುತ್ತಿರುವವರೆಗೂ ತಾನು ಬದುಕಿದ್ದೇನೆ ಎಂಬ ಲೆಕ್ಕ. ಅರ್ಧ ದಾರಿಯಲ್ಲಿ ಜೋರು ಗಾಳಿ ಬೀಸಿ ಆ ಬೆನ್ನು ನಿಂತುಹೋಯಿತು.

"ಯಾಕೆ?"

ನೋಡಿದರೆ ಆಕೆಯ ಎರಡೂ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಬೆರಳುಗಳು ಕಂಬಿಯ ಹತ್ತಿರ ಹೋಗಿ ಹೋಗಿ ಹಿಂದೆ ಬರುತ್ತಿದ್ದವು.

"ನನ್ ಕೈಲಾಗಲ್ಲ ರೀ," ಎಂದಳು ಸಣ್ಣ ದನಿಯಲ್ಲಿ. "ಬೆಳಿಗ್ಗೆ ಉಜ್ಜೋ ನೆಪದಲ್ಲಿ ನಾನೂ ಹಿಡ್ಕೊಂಡೇ ಹತ್ತಿದ್ದು. ಬೀಳ್ತೀನಿ ನಾನು."

ತಾನು ಬೀಳುವುದನ್ನು ಪೇಂಟರು ಬೆಳಗಿನಿಂದ ನೂರು ಸಲ ಕಲ್ಪಿಸಿಕೊಂಡಿದ್ದರು. ಆಕೆ ಬೀಳುವುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಹೇಗೆ ಎದ್ದು ನಿಂತರೋ ಅವರಿಗೇ ತಿಳಿಯಲಿಲ್ಲ. ಎಡಗೈಯಿಂದ ಹೆಂಡತಿಯ ರಟ್ಟೆ ಹಿಡಿದು, ಬಲಗೈಯನ್ನು ಹಸಿ ಕಂಬಿಯ ಮೇಲೆ ಅಂಗೈ ಪೂರ್ತಿ ಒತ್ತಿ ಹಿಡಿದರು. ಬಣ್ಣ ಪಿಚಕ್ಕೆಂದು ಬೆರಳ ಸಂದಿಯಲ್ಲಿ ಬಂತು.

"ಅಯ್ಯೋ, ಕೆಟ್ಟೋಯ್ತಲ್ಲ," ಎಂದಳು ಆಕೆ.

"ಕೆಡ್ಲಿ. ಕಾಲು ಇಡು."

ಕಂಬಿಗೆ ಬಳಿದ ಹಸಿರನ್ನು ಅಲ್ಲಿಂದ ತಿರುವಿನವರೆಗೂ ಒರೆಸುತ್ತ ಇಳಿದರು. ಕಲ್ಲುಗೋಡೆ ಸಿಕ್ಕಿದ ಮೇಲೂ ಎಷ್ಟೋ ಹೊತ್ತು ಒಬ್ಬರನ್ನೊಬ್ಬರು ಬಿಡಲಿಲ್ಲ. ಕೆಳಗೆ ನಲ್ಲಿಯ ಬಳಿ ಆಕೆ ಸೀಮೆಎಣ್ಣೆ ಬಟ್ಟೆಯಿಂದ ಗಂಡನ ಅಂಗೈ ಉಜ್ಜಿದಳು.

"ಬೆಳಿಗ್ಗೆ ಬೀಗರಿಗೆ ನಾನೇ ಹೇಳ್ತೀನಿ," ಎಂದರು ಪೇಂಟರು. "ಟ್ಯಾಂಕಿನ ವಿಷಯಾನೂ ಹೇಳ್ತೀನಿ. ಆದ್ರೆ ಕೆಡಿಸಿದ್ದು ನಾನು, ಹತ್ತಲೇಬೇಕು. ನೀನು ಬರ್ಬೇಡ, ಕೆಳಗೇ ಇರು."

ಆಕೆ ಬೆರಳ ಸಂದಿಯ ಹಸಿರನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು: "ಬರದೆ ಏನ್ಮಾಡ್ಲಿ? ನೀವೊಬ್ರೇ ಮೇಲಿದ್ರೆ, ನನಗೆ ಇಲ್ಲಿ ನೆಲದ ಮೇಲೆ ಕೂತೇ ತಲೆ ತಿರುಗುತ್ತೆ."