ಗುಂಡ್ಯಾನ ಪಥ್ಯ

ಗೌರವ್ವ ದಿನಾ ಮುಂಜಾನೆ ಸ್ನಾನ ಮಾಡಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂಡುತ್ತಿದ್ದಳು. ಜ್ವರ ಬಂದರೂ ಬಿಟ್ಟವಳಲ್ಲ. ಪುಟ್ಟ ಬೆಳ್ಳಿ ಬಟ್ಟಲಲ್ಲಿ ಹಾಲು, ಸಕ್ಕರೆ, ಬಾಳೆಹಣ್ಣು ಕಲಸಿ ನೈವೇದ್ಯ ಮಾಡುವಳು. ಅದರಲ್ಲಿ ಒಂದು ಚಮಚ ತಾನು ತೆಗೆದುಕೊಂಡು ಉಳಿದದ್ದನ್ನು ಮನೆಯಲ್ಲಿದ್ದವರಿಗೆ ಹಂಚುವಳು. ಪ್ರಸಾದ ಬಚ್ಚಲಿಗೆ ಹೋಗಬಾರದು, ಮುಸುರೆಗೆ ಬೀಳಬಾರದು ಎಂಬುದು ಅವಳ ತವರಿನ ಕಟ್ಟಳೆ. ಗಂಡ ಶ್ರೀಶೈಲಪ್ಪ ಇದ್ದಾಗ ಅವನಿಗೊಂದು ಚಮಚ, ಬಟ್ಟಲಿನ ತಳದಲ್ಲಿ ಉಳಿದದ್ದು ಬೆಕ್ಕಿಗೆ. ಗಂಡ ಹೋದ ಮೇಲೆ ಅವನ ಪಾಲೂ ಬೆಕ್ಕಿಗೇ ಬಂತು.

ಶ್ರೀಶೈಲಪ್ಪ ಸೋನ್ಯಾಳದಿಂದ ಸುತ್ತಲಿನ ಸಂತೆಗಳಿಗೆ ಜವಳಿ ಹೊತ್ತು ಹೋಗುತ್ತಿದ್ದವನು. ಸಕ್ಕರೆ ರೋಗದಿಂದ ಕಾಲು ಕೊಳೆತು, ಮಿರಜದ ದವಾಖಾನೆಯಲ್ಲಿ ಕಾಲು ತೆಗೆಸಿಕೊಂಡು, ಕೊಯ್ನಾದಲ್ಲಿ ಭೂಮಿ ನಡುಗಿದ ವರ್ಷ ತೀರಿಕೊಂಡ. ಮಕ್ಕಳಿರಲಿಲ್ಲ. ಅವನ ತೊಡೆಯ ಮೇಲೆ ಬೆಳೆದ ಕೆಂಚು ಗಂಡುಬೆಕ್ಕೊಂದು ಉಳಿಯಿತು. ದುಂಡಗಿತ್ತೆಂದು ಅವನೇ ಅದಕ್ಕೆ ಗುಂಡ್ಯಾ ಎಂದು ಹೆಸರಿಟ್ಟಿದ್ದ. ಗೌರವ್ವ ಓಣಿಯವರಿಗೆ ಕೌದಿ ಹೊಲಿದುಕೊಡುವಾಗ ಅದು ಅರ್ಧ ಹೊಲಿದ ಕೌದಿಯ ಮೇಲೆ ಮಲಗುತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಅವಳು ಇನ್ನೊಂದು ಅಂಚಿನಿಂದ ಹೊಲಿಯುವಳು.

ಎರಡು ವರ್ಷದ ಮೇಲೆ ಗುಂಡ್ಯಾ ಹೊತ್ತಿಲ್ಲದ ಹೊತ್ತಿನಲ್ಲಿ ಕೊಡದ ಹತ್ತಿರ ಹೋಗಿ ನೀರಿಗೆ ಒದರಲು ಶುರು ಮಾಡಿತು. ಎಷ್ಟು ತಿಂದರೂ ಬೆನ್ನೆಲುಬು ಕಾಣತೊಡಗಿತು. ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ, ಮುದುಕರ ಹಾಗೆ ಕುಸಿದು ನಡೆಯಿತು. ಒಂದು ಮುಂಜಾನೆ ಹಿತ್ತಲಲ್ಲಿ ಅದು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಸಾಲುಗಟ್ಟಿದ್ದನ್ನು ಗೌರವ್ವ ಕಂಡಳು. ಯಾರೂ ಹೇಳಬೇಕಾಗಲಿಲ್ಲ. ಗಂಡನ ಕಾಲದಲ್ಲೂ ಮೊದಲು ಬಂದದ್ದು ಇರುವೆಯೇ.

ಮಾಡಗ್ಯಾಳದ ಸಂತೆಯ ದಿನ ಕುರಿಗಳನ್ನು ನೋಡಲು ತುಕಾರಾಮ ಡಾಕ್ಟರ್ ಬರುತ್ತಿದ್ದರು. ಗೌರವ್ವ ಬುಟ್ಟಿಯಲ್ಲಿ ಬೆಕ್ಕು, ಸೆರಗಿನಲ್ಲಿ ಮುಚ್ಚಿದ ಅದರ ಉಚ್ಚೆಯ ಸೀಸೆ ಹಿಡಿದು ಕುರಿಯವರ ಸಾಲಿನಲ್ಲಿ ನಿಂತಳು. ಸಾಲಿನವರು ನಕ್ಕರು. ಡಾಕ್ಟರು ನಗಲಿಲ್ಲ. ಸೀಸೆಯಲ್ಲಿದ್ದದ್ದಕ್ಕೆ ನೀಲಿ ಔಷಧ ಹಾಕಿ ಕಾಸಿದರು. ಅದು ಇಟ್ಟಂಗಿ ಬಣ್ಣಕ್ಕೆ ತಿರುಗಿತು. ಮಿರಜದಲ್ಲಿ ಆ ಬಣ್ಣವನ್ನು ಅವಳು ಎಷ್ಟೋ ಸಲ ನೋಡಿದ್ದಳು.

"ಮನುಷ್ಯಾರಿಗೆ ಇದಕ್ಕ ಸೂಜಿ ಅದ, ಬಾಯಾರ. ಬೆಕ್ಕಿಗೆ ಎಷ್ಟು ಕೊಡಬೇಕು ಅನ್ನೂದು ನನಗ ಗೊತ್ತಿಲ್ಲ, ಸುಳ್ಳು ಯಾಕ ಹೇಳ್ಲಿ. ಪಥ್ಯ ನಿಮ್ಮ ಕೈಯಾಗ ಅದ. ಏನು ಹಾಕ್ತೀರಿ?"

"ಹಾಲು ರೊಟ್ಟಿರಿ. ಹಬ್ಬಕ್ಕ ಹೋಳಿಗಿ."

"ಅವೆಲ್ಲ ಬಂದ್. ಹಾಲು, ರೊಟ್ಟಿ, ಅನ್ನ, ಬೆಲ್ಲ ಒಂದೂ ಬ್ಯಾಡ. ಖಂಡ, ತತ್ತಿ, ಅಷ್ಟ. ಬೆಕ್ಕಿನ ಹೊಟ್ಟಿ ಅದಕ್ಕ ಹುಟ್ಟಿದ್ದು. ನೀವು ಅದನ್ನ ಅಯ್ಯನೋರನ್ನ ಮಾಡೀರಿ."

ಲಿಂಗವಂತರ ಮನೆಯ ಒಲೆಯ ಮೇಲೆ ಖಂಡ ಬೇಯುವುದು ಆಗದ ಮಾತು. ಕೊಡದಿದ್ದರೆ ಗುಂಡ್ಯಾ ಉಳಿಯುವುದಿಲ್ಲ. ಮೂರನೆಯ ದಿನ ಬುಟ್ಟಿ ಹೊತ್ತು ಊರ ಹೊರಗಿನ ಕುರುಬರ ಹಟ್ಟಿಗೆ ಹೋದಳು. ಅಲ್ಲಿಯ ಬೀರವ್ವ ಅವಳಿಂದ ಕೌದಿ ಹೊಲಿಸಿಕೊಂಡವಳು. ಡಾಕ್ಟರು ಅಂದದ್ದನ್ನೆಲ್ಲ ಅವಳಿಗೆ ಹೇಳಿದಳು.

"ಹಿಂಗ ಬಗಲಾಗ ಹೊತ್ಕೊಂಡು ನನ್ನ ಗಂಡನ್ನ ನಾ ಎಂದೂ ದವಾಖಾನಿಗೆ ಒಯ್ದಿಲ್ಲ" ಎಂದಳು ಬೀರವ್ವ. "ತರ್ರಿ ಅಕ್ಕಾರ. ನಮ್ಮಲ್ಲಿ ಒಣಖಂಡ ಅದ, ಕೋಳಿ ತತ್ತಿ ಇಡ್ತಾವು. ನೀವು ಆ ಕಡೆ ಮುಖ ಮಾಡಿ ಕುಂದ್ರಿ."

ಅಂದಿನಿಂದ ದಿನಾ ಎರಡು ಹೊತ್ತು ಹಟ್ಟಿ. ಬೀರವ್ವ ಒಣಖಂಡ ಮೆತ್ತಗೆ ಕುದಿಸಿ ಚೂರು ಮಾಡಿ ಹಾಕುವಳು. ಗೌರವ್ವ ಬೇಲಿಯ ಕಡೆ ಮುಖ ಮಾಡಿ, ಎದೆಯ ಮೇಲಿನ ಲಿಂಗವನ್ನು ಸೆರಗಿನೊಳಗೆ ಮುಚ್ಚಿ ಹಿಡಿದು ಕೂಡುವಳು. ಮನೆಗೆ ಬಂದು ಮತ್ತೆ ಸ್ನಾನ ಮಾಡುವಳು. ಓಣಿಯ ಅಕ್ಕವ್ವ ಕಟ್ಟೆಯ ಮೇಲೆ ಕುಳಿತು, "ಬೆಕ್ಕಿಗೆ ಅಂತ ಹೋಗ್ತಾಳ. ಅಕಿ ಏನು ತಿಂದು ಬರ್ತಾಳ ಯಾರು ನೋಡ್ಯಾರ?" ಎನ್ನುವಳು. ಗೌರವ್ವ ಕೇಳಿಸಿಕೊಂಡು ದಾಟಿ ಹೋಗುವಳು.

ತಿಂಗಳೊಳಗೆ ಗುಂಡ್ಯಾ ನೀರು ಕುಡಿಯುವುದು ಕಡಿಮೆಯಾಯಿತು. ಇರುವೆ ಸಾಲು ತೆಳ್ಳಗಾಯಿತು. ಆಷಾಢದಲ್ಲಿ ಅದು ಒಮ್ಮೆ ಜಿಗಿದು ಕಿಟಕಿ ಏರಿತು. ಆ ಅಮಾವಾಸ್ಯೆಗೆ ಗೌರವ್ವ ಗುಡ್ಡಾಪುರಕ್ಕೆ ನಡೆದು ಹೋಗಿ ದಾನಮ್ಮ ದೇವಿಗೆ ಕೈಮುಗಿದು ಬಂದಳು.

ಶ್ರಾವಣ ಹತ್ತಿತು. ಹತ್ತು ದಿನದಲ್ಲಿ ಬೆಕ್ಕು ಮತ್ತೆ ಕೊಡದ ಹತ್ತಿರ ಕೂತಿತು. ಇರುವೆ ಮೊದಲಿಗಿಂತ ದಟ್ಟವಾದವು. ಹಿಂಗಾಲು ಎಳೆಯತೊಡಗಿತು.

ಗೌರವ್ವ ಹಟ್ಟಿಗೆ ಹೋಗಿ ಕುಳಿತುಕೊಳ್ಳದೆ ಕೇಳಿದಳು. "ಬೀರವ್ವ, ನಾ ಮುಖ ತಿರುವಿ ಕುಂತಾಗ ಏನರೆ ಹಾಲು ಹಾಕ್ತಿಯೇನು?"

ಬೀರವ್ವನ ಕೈ ನಿಂತಿತು. "ನನ್ನ ಮೊಮ್ಮಕ್ಕಳಿಗೆ ಇಲ್ಲದ ಹಾಲು ನಿಮ್ಮ ಬೆಕ್ಕಿಗೆ ಎಲ್ಲಿಂದ ತರ್ಲಿ, ಅಕ್ಕಾರ? ನಂಬಿಗಿ ಇಲ್ಲಂದ್ರ ಈ ಕಡೆ ಮುಖ ಮಾಡಿ ಕುಂದ್ರಿ."

ಮಾಡಗ್ಯಾಳದಲ್ಲಿ ಡಾಕ್ಟರು ಬೆಕ್ಕಿನ ಬಾಯಿ ಮೂಸಿ ನೋಡಿ ತಲೆ ಅಲ್ಲಾಡಿಸಿದರು. ಬಾಯಿ ಕೊಳೆತ ಹಣ್ಣಿನಂತೆ ನಾರುತ್ತಿತ್ತು.

"ಪಥ್ಯ ಎಲ್ಲೋ ಮುರದದ. ಮುಂಜಾನಿ ಏನು ಕೊಡ್ತೀರಿ?"

"ಏನೂ ಇಲ್ಲರಿ ಸಾಹೇಬ್ರ. ಖಂಡ, ತತ್ತಿ. ಪ್ರಸಾದ ಒಂದು."

"ಪ್ರಸಾದದಾಗ ಏನಿರ್ತದ?"

"ಹಾಲು, ಸಕ್ಕರಿ, ಬಾಳಿಹಣ್ಣು. ಶ್ರಾವಣದಾಗ ದಿನಾ ಬೆಲ್ಲದ ಹುಗ್ಗಿ." ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. "ಅದು ಊಟ ಅಲ್ಲಲ್ರಿ."

ಡಾಕ್ಟರು ಕೈ ತೊಳೆದುಕೊಂಡು, "ಇನ್ನ ನನ್ನ ಕಡೆ ಏನೂ ಇಲ್ಲ, ಬಾಯಾರ" ಎಂದರು.

ಪ್ರಸಾದವನ್ನು ಅವಳು ಬಚ್ಚಿಟ್ಟಿರಲಿಲ್ಲ. ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಿರಜದ ಡಾಕ್ಟರರು ಗಂಡನ ಬಗ್ಗೆ ಇದೇ ಪ್ರಶ್ನೆ ಕೇಳಿದಾಗಲೂ ಅವಳು, ಸಿಹಿ ಒಂದು ಚೂರೂ ಕೊಟ್ಟಿಲ್ಲ ಎಂದು ಲಿಂಗ ಮುಟ್ಟಿ ಹೇಳಿದ್ದಳು. ದವಾಖಾನೆಯಲ್ಲೂ ದಿನಾ ಮುಂಜಾನೆ ಅವನ ಬಾಯಿಗೆ ಒಂದು ಚಮಚ ಹಾಕಿದ್ದಳು. ಬಹಳ ವರ್ಷದ ಮೇಲೆ, ಕೌದಿ ಹೊಲಿಸಲು ಹೋಗಿದ್ದ ನನ್ನೆದುರು ಇದನ್ನು ಹೇಳಿ, "ಅವರ ಕಾಲು ಅದರಿಂದಲೇ ಹೋತು ಅಂತ ಅಲ್ಲ. ಅಲ್ಲ ಅನ್ನಾಕೂ ಬರೂದಿಲ್ಲ" ಎಂದಳು.

ಮರುದಿನ ಅವಳು ಪೂಜೆಗೆ ಕೂತಳು. ಬಟ್ಟಲಲ್ಲಿ ಬರೀ ನೀರಿತ್ತು. ಗುಂಡ್ಯಾ ಅದನ್ನೂ ನೆಕ್ಕಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಬೀರವ್ವ ಬುಟ್ಟಿ ಹಿಡಿದು ಬಂದು ಹೊಸ್ತಿಲ ಹೊರಗೆ ನಿಂತಳು. ಬೆಕ್ಕು ಹರಿದ ಕೌದಿಯ ಮೇಲೆ ಬಾಯಿ ತೆರೆದು ಉಸಿರಾಡುತ್ತಿತ್ತು.

"ಒಳಗ ಬಾ" ಎಂದಳು ಗೌರವ್ವ. "ಅವತ್ತು ಅಂದದ್ದು ತಪ್ಪಾತು."

"ಹೋಗ್ಲಿ ಬಿಡ್ರಿ." ಬೀರವ್ವ ಒಳಗೆ ಬಂದು ಬೆಕ್ಕಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತಳು. "ಇವತ್ತ ನಾಳಿಗೆ ಹೋಗ್ತದ ಇದು. ಬೆಕ್ಕು ಕೊಂದ ಮನಿ ಅಂತಾರ, ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತಾರ. ಆ ಅಕ್ಕವ್ವನ ಬಾಯಿ ನಿಮಗ ಗೊತ್ತಿಲ್ಲೇನು? ನನ್ನ ಕಡೆ ಕೊಡ್ರಿ. ಹಟ್ಟ್ಯಾಗ ಕುರಿ ಸಾಯ್ತಾವು, ನಾಯಿ ಸಾಯ್ತಾವು, ಯಾರೂ ಕೇಳೂದಿಲ್ಲ. ನೆರಳಾಗ ಮಲಗಸ್ತೀನಿ. ನೀವು ನೋಡೂದು ಬ್ಯಾಡ."

ಗೌರವ್ವ ಆ ಬುಟ್ಟಿಯನ್ನು ನೋಡಿದಳು. ಬೀರವ್ವ ಅದರೊಳಗೆ ತನ್ನದೇ ಹಳೆಯ ಸೀರೆ ಹಾಸಿ ತಂದಿದ್ದಳು.

"ಬ್ಯಾಡ, ಬೀರವ್ವ" ಎಂದಳು. "ಮಿರಜದಾಗ ಅವರ ಜೀವ ಹೋಗೂ ಮುಂದ ದವಾಖಾನಿಯವರು ನನ್ನ ಹೊರಗ ಕುಂದ್ರಿಸಿದ್ರು. ಇದರ ಹತ್ರ ನಾ ಕುಂದ್ರತೀನಿ."