ಸಾರದೆ ಬಿಟ್ಟ ಊರು

ಚಿಕ್ಕಕುಂಟೆಯಲ್ಲಿ ನಾನು ತಮಟೆ ಹೊಡೆಸಲಿಲ್ಲ. ಹೊಡೆಸಿ ಸಾರಿದೆ ಎಂದು ಮೇಲಿನವರಿಗೆ ಹೇಳಿದೆ. ಇದು ನನ್ನ ಮೊದಲ ಸುಳ್ಳು. ಎರಡನೆಯದನ್ನು ಒಬ್ಬ ತಾಯಿಗೆ ಹೇಳಿದೆ — ಮೊದಲನೆಯದಕ್ಕೆ ಬೇಕಾದರೆ ಕ್ಷಮೆ ಇರಬಹುದು, ಎರಡನೆಯದಕ್ಕೆ ಇದೆ ಎಂದು ನನಗೆ ಅನ್ನಿಸುವುದಿಲ್ಲ.

ಐವತ್ತರ ದಶಕದ ನಡುವಿನ ಮಾತು. ಪಾಲಾರ್ ಕಡೆಯ ಕೆರೆಯಿಂದ ಉರಿಗಾಂನ ಚಿನ್ನದ ಗಣಿ ಕೆಲಸಗಾರರ ಮನೆಗಳಿಗೆ ಇನ್ನೊಂದು ನೀರಿನ ಕೊಳವೆ ಹಾಕುವ ಕೆಲಸ ಶುರುವಾಗಿತ್ತು. ನಾನು ಆ ಆಫೀಸಿನಲ್ಲಿ ಹೊಸ ಗುಮಾಸ್ತ. ವಯಸ್ಸು ಚಿಕ್ಕದು, ಇಸ್ತ್ರಿ ಮಾಡಿದ ಶರ್ಟು, ತಲೆ ತುಂಬ ಜಂಬ. ನೆಲಕ್ಕೆ ಹಾರೆ ಹಾಕುವ ಮೊದಲು ಕೊಳವೆ ಹಾದುಹೋಗುವ ಪ್ರತಿಯೊಂದು ಊರಿನಲ್ಲೂ ತಮಟೆ ಹೊಡೆಸಿ ಸಾರಬೇಕು ಎಂಬುದು ನಿಯಮ. ಸಾರುವ ಮಾತೂ ಗೊತ್ತುಮಾಡಿದ್ದೇ — 'ಕೆಂಪು ಬಣ್ಣದ ಗೂಟ ನೆಟ್ಟಿರುವ ಸಾಲಿನಲ್ಲಿ ಸರ್ಕಾರದ ಕೊಳವೆ ಬರುತ್ತದೆ. ಅಲ್ಲಿ ಉಳಬೇಡಿ, ಕಟ್ಟಬೇಡಿ, ಹೂಳಬೇಡಿ. ಗುಡಿ ಗೋರಿ ಇದ್ದರೆ ಈಗಲೇ ಬಂದು ತೋರಿಸಿ. ತಕರಾರಿದ್ದರೆ ಅಮಲ್ದಾರರ ಹತ್ತಿರ ಹೇಳಿಕೊಳ್ಳಿ.' ಎಲ್ಲಪ್ಪ ಎಂಬ ತಮಟೆಯವನನ್ನು ಜೊತೆಗೆ ಕರೆದುಕೊಂಡು ಊರೂರು ಅಲೆದು ಇದನ್ನು ಸಾರಿಸುವುದೇ ನನ್ನ ಕೆಲಸ. ನನಗೆ ಅದು ಬೇಸರದ ಕೆಲಸ, ಶಾಸ್ತ್ರಕ್ಕೆ ಮಾಡುವ ಕೆಲಸ. ಸಾರಿದರೂ ಕೊಳವೆ ಬರುತ್ತದೆ, ಸಾರದಿದ್ದರೂ ಬರುತ್ತದೆ ಎಂದುಕೊಂಡಿದ್ದೆ.

ಚಿಕ್ಕಕುಂಟೆ ಆ ದಿನದ ಕೊನೆಯ ಊರು. ಸುಡುವ ಬಿಸಿಲು. ಊರ ಬಾಗಿಲಲ್ಲಿ ದಾರಿಗೆ ಅಡ್ಡವಾಗಿ ಬೇವಿನ ಸೊಪ್ಪು ಕಟ್ಟಿದ್ದರು. ಎಲ್ಲಪ್ಪ ಅಲ್ಲೇ ನಿಂತುಬಿಟ್ಟ. ಚಪ್ಪಲಿ ಬಿಟ್ಟು, ತಮಟೆಯನ್ನು ಬೆನ್ನಹಿಂದೆ ಸರಿಸಿಕೊಂಡ.

"ಅಮ್ಮ ಬಂದವ್ಳೆ ಸಾಮಿ. ಒಳಕ್ಕೋಗಬಾರ್ದು. ತಮಟೆ ಸದ್ದೂ ಮಾಡಬಾರ್ದು, ಮುನಿಸ್ಕೊಂತಾಳೆ."

ಸಿಡುಬು ಬಂದ ಊರು ಎಂದು ಅರ್ಥ. ಅಮ್ಮ ಮನೆಯಲ್ಲಿರುವಾಗ ಒಗ್ಗರಣೆಯ ಸದ್ದು ಕೂಡ ಮಾಡದ ಜನ, ಇನ್ನು ತಮಟೆಯ ಮಾತೆಲ್ಲಿ. ಎಲ್ಲಪ್ಪನ ಭಯ ನಿಜವಾದದ್ದು, ಅವನನ್ನು ನಾನು ದೂರುವುದಿಲ್ಲ. ನನ್ನ ವಿಷಯ ಬೇರೆ. ನನ್ನ ತೋಳಿನ ಮೇಲೆ ಸಿಡುಬಿಗೆ ದಾಕು ಹಾಕಿಸಿಕೊಂಡ ಗುರುತು ಇತ್ತು, ನನಗೇನೂ ಆಗುತ್ತಿರಲಿಲ್ಲ. ತಮಟೆ ಬೇಡ, ಸೊಪ್ಪಿನ ಈಚೆಯೇ ನಿಂತು ಒಬ್ಬರನ್ನು ಕೂಗಿ ಕರೆದು ನಾಲ್ಕು ಮಾತು ಹೇಳಿದ್ದರೂ ಸಾಕಿತ್ತು. ಆದರೆ ಆ ಸಂಜೆ ಬಂಗಾರಪೇಟೆಯಲ್ಲಿ ಗಾಡಿ ಹಿಡಿದು ನಾನು ಹೆಣ್ಣು ನೋಡಲು ಹೋಗಬೇಕಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಇನ್ನೊಂದು ಮಾತು. ಬೇವಿನ ಸೊಪ್ಪಿನ ಆಚೆ, ಕಲ್ಲಿನ ಮೇಲೆ, ಒಂದು ಪುಟ್ಟ ಹೆಣ್ಣುಮಗು ಕೂತಿತ್ತು. ನಮ್ಮನ್ನೇ ನೋಡುತ್ತಿತ್ತು. ನಾನು ತಿರುಗಿ ಹೊರಟಾಗ ಅದೂ ಎದ್ದು ನಿಂತಿತು. ಏನೋ ಕೇಳುವ ಹಾಗೆ ಬಾಯಿ ತೆರೆಯಿತು — ಕೇಳಿತೋ ಇಲ್ಲವೋ, ನಾನು ನಿಲ್ಲಲಿಲ್ಲ. ಆ ಮಗು ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ವಿಚಾರಿಸುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಓವರ್ಸಿಯರ್ ಕೇಳಿದರು, "ಎಲ್ಲ ಊರಲ್ಲೂ ಸಾರಿದ್ರೇನ್ರೀ?" "ಸಾರಿದೆ ಸಾರ್," ಎಂದೆ. "ಚಿಕ್ಕಕುಂಟೆ?" "ಅಲ್ಲೂ ಸಾರಿದೆ. ಯಾರೂ ತಕರಾರು ಮಾಡಲಿಲ್ಲ." ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದೆ. ಹಿಂದಿನ ಸಂಜೆ ನೋಡಿದ ಹುಡುಗಿ ನನಗೆ ಒಪ್ಪಿಗೆಯಾಗಿದ್ದಳು, ಮನಸ್ಸೆಲ್ಲ ಆ ಕಡೆಯೇ ಇತ್ತು. ಚಿಕ್ಕಕುಂಟೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅಗೆಯುವ ಕೆಲಸ ಆ ಊರ ಹೊರಗಿನ ಹಳ್ಳದ ದಡಕ್ಕೆ ಬಂದಾಗ ಊರ ಬಾಗಿಲಿನ ಬೇವಿನ ಸೊಪ್ಪು ಇನ್ನೂ ಬಿಚ್ಚಿರಲಿಲ್ಲ. ಅಗೆಯುವುದನ್ನು ನೋಡಲು ಊರಿಂದ ಒಬ್ಬರೂ ಬರಲಿಲ್ಲ. ನಾಯಿ ಬೊಗಳಿದ್ದೂ ಕೇಳಲಿಲ್ಲ. ಕೂಲಿಯವರು ಗಣಿ ಪಕ್ಕದ ಆಂಡರ್ಸನ್‌ಪೇಟೆಯ ತಮಿಳರು, ಯಾವಾಗಲೂ ಹಾಡಿಕೊಂಡೇ ಅಗೆಯುವವರು. ಅಲ್ಲಿ ಅವರ ಹಾಡು ತಾನಾಗಿ ನಿಂತಿತು. ಹೋಗಿ ನೋಡಿದರೆ, ನಮ್ಮ ಕೆಂಪು ಗೂಟಗಳಲ್ಲಿ ಒಂದಕ್ಕೆ ಅರಿಶಿನ ಬಳಿದಿದ್ದರು. ಅದರ ಬುಡದಲ್ಲಿ ಒಡೆದ ತೆಂಗಿನಕಾಯಿ, ಒಣಗಿದ ಮೊಸರನ್ನ.

ಮೇಸ್ತ್ರಿ ಚಿನ್ನಸ್ವಾಮಿ ಹಾರೆ ಕೆಳಗಿಟ್ಟ. "ವೇಣಾಂ ಸಾರ್. ಇದು ಮಾರಿಯಮ್ಮನ ಜಾಗ. ನಮ್ಮ ಆಳು ಕೈ ಆಕಲ್ಲ."

ಗೂಟಕ್ಕೆ ಅರಿಶಿನ ಏಕೆ ಬಂತೆಂದು ನಾನು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಓವರ್ಸಿಯರ್ ನೋಡಿದರೆ ಸಾರಿದ ಕಥೆ ಬಯಲಾಗುತ್ತದೆ ಎಂಬ ಭಯ ಒಂದೇ ತಲೆಯಲ್ಲಿತ್ತು. "ಊರಲ್ಲಿ ಸಾರಿಯಾಗಿದೆ, ಇದು ಸರ್ಕಾರದ ಜಾಗ," ಎಂದು ಗದರಿ, ಆ ಗೂಟವನ್ನು ನಾನೇ ಕಿತ್ತೆಸೆದೆ. ಅವರು ಮುಖ ಮುಖ ನೋಡಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಅಗೆದರು.

ಅಲ್ಲಿಯವರೆಗೆ ಗಟ್ಟಿ ಗರಸು, ಹಾರೆ ಹಾಕಿದರೆ ಕಿಡಿ ಹಾರುವ ನೆಲ. ಆ ಒಂದು ಕಡೆ ಮಾತ್ರ ಮಣ್ಣು ಮೆತ್ತಗಿತ್ತು. ಗುದ್ದಲಿ ಸದ್ದಿಲ್ಲದೆ ಇಳಿಯಿತು. ಹಳದಿ ಬಟ್ಟೆಯ ಒಂದು ಪುಟ್ಟ ಗಂಟು — ಅದರ ಸುತ್ತ ಬೇವಿನ ಸೊಪ್ಪು. ಮಣ್ಣಿನೊಳಗೆ ಎಷ್ಟೋ ದಿನ ಇದ್ದ ಸೊಪ್ಪು ಆಗ ತಾನೇ ಕೊಯ್ದಂತೆ ಹಸಿರಾಗಿತ್ತು. ನೆಲದ ತಂಪಿಗೆ ಹಾಗಿತ್ತೋ, ನನ್ನ ಕಣ್ಣಿಗೆ ಹಾಗೆ ಕಂಡಿತೋ — ಇಷ್ಟು ವರ್ಷ ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ. ಕೂಲಿಯವರು ಗುದ್ದಲಿ ಬಿಟ್ಟರು. ದಡದ ಮೇಲೆ ದೂರ ಹೋಗಿ ನನಗೆ ಬೆನ್ನು ತಿರುಗಿಸಿ ಕೂತರು.

ಗಂಟನ್ನು ನಾನೇ ತೆಗೆದುಕೊಂಡು ಹೋದೆ. ಹಳ್ಳದ ಆಚೆ ದಿಬ್ಬದ ಮೇಲೆ ಒಂದು ಹೊಂಗೆ ಮರವಿತ್ತು. ಅದರ ಬುಡದಲ್ಲಿ ಗುಂಡಿ ತೋಡಿ ಇಟ್ಟು, ಮಣ್ಣು ಮುಚ್ಚಿ, ಕೈ ಒರೆಸಿಕೊಂಡು ಬಂದೆ. ಕೆಲಸ ಮುಂದಕ್ಕೆ ಹೋಯಿತು, ಕೊಳವೆ ಇಳಿಯಿತು, ಅಗೆದ ಕಾಲುವೆ ಮುಚ್ಚಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ನನಗೆ ಆ ದಿನ ಹಾಗೆಯೇ ಅನ್ನಿಸಿತು.

ಬೇವಿನ ಸೊಪ್ಪು ಬಿಚ್ಚಿದ ಮೇಲೆ ಒಬ್ಬ ಹೆಂಗಸು ಚೊಂಬಿನಲ್ಲಿ ಹಾಲು ಹಿಡಿದುಕೊಂಡು ಬಂದಳು. ಹೆಸರು ಮುನಿಯಮ್ಮ. ಮುಖದ ತುಂಬ ಆಗ ತಾನೇ ಮಾಗಿದ ಸಿಡುಬಿನ ಕಲೆ. ಹೊಸ ಮಣ್ಣಿನ ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಗೂಟಗಳ ವಿಷಯ ಅವಳ ಬಾಯಿಂದಲೇ ನನಗೆ ತಿಳಿದದ್ದು.

"ಊರಾಗೆ ಅಮ್ಮ ಬಂದಾಗ್ಲೇ ಆ ಕೆಂಪು ಗೂಟನೂ ಕಂಡ್ವು ಸಾಮಿ. ಯಾರು ನೆಟ್ಟರು, ಯಾಕ್ ನೆಟ್ಟರು ಅಂತ ಯಾರೂ ಏಳ್ಲಿಲ್ಲ. ಅಮ್ಮನೇ ತನ್ನ ಎಲ್ಲೆ ಗುರ್ತು ಆಕವ್ಳೆ ಅಂದ್ಕೊಂಡ್ವಿ. ಅವಳು ತಕೊಂಡ ಕೂಸು ಅವಳ ಎಲ್ಲೆಗೇ ಇರ್ಲಿ ಅಂತ ಗೂಟದ ಬುಡದಾಗೇ ಇಟ್ವಿ. ನಮ್ ನಾಗಿ. ಅಗೀವಾಗ ಏನಾರ ಕಂಡ್ತಾ?"

ಆ ದಿನ ನಾಲ್ಕು ಮಾತು ಹೇಳಿ ಬಂದಿದ್ದರೆ ಅವಳು ತನ್ನ ಮಗುವನ್ನು ಬೇರೆಲ್ಲೋ ಮಣ್ಣು ಮಾಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಹೋದದ್ದರಿಂದಲೇ, ನನ್ನ ಗೂಟದ ಗುರುತು ನೋಡಿ ತಂದು ನನ್ನ ಹಾರೆಯ ಕೆಳಗೇ ಇಟ್ಟಳು. ಆಗಲಾದರೂ ಹೇಳಬಹುದಿತ್ತು. ಹೊಂಗೆ ಮರ ಕಣ್ಣಿಗೆ ಕಾಣುವಷ್ಟೇ ದೂರದಲ್ಲಿತ್ತು, ಕೈ ಎತ್ತಿ ತೋರಿಸಿದ್ದರೆ —

"ಇಲ್ಲಮ್ಮ," ಎಂದೆ. "ಕೊಳವೆ ಪಕ್ಕದಲ್ಲೇ ಹೋಯಿತು. ನಿನ್ನ ಮಗು ಇದ್ದಲ್ಲೇ ಇದೆ."

ಅವಳು ನನಗೆ ಕೈ ಮುಗಿದಳು. ಹಾಲನ್ನು ಕೊಳವೆಯ ಮೇಲಿನ ಮಣ್ಣಿಗೆ ಬಿಟ್ಟಳು.

ಕೆಲಸ ಮುಗಿದ ಮೇಲೆ ನನ್ನನ್ನು ಅದೇ ಲೈನ್ ನೋಡಿಕೊಳ್ಳಲು ಹಾಕಿದರು. ಹನ್ನೆರಡು ಹದಿಮೂರು ವರ್ಷ ಆ ದಾರಿಯಲ್ಲಿ ನಡೆದೆ, ನೀರು ಸೋರುತ್ತದೆಯೇ, ಬೋಲ್ಟು ಸಡಿಲವಾಗಿದೆಯೇ ಎಂದು ನೋಡುತ್ತ. ಮುನಿಯಮ್ಮ ಅಮಾವಾಸ್ಯೆಗೊಮ್ಮೆ ಬಂದು ದೀಪ ಹಚ್ಚಿಡುತ್ತಿದ್ದಳು. ಹಳ್ಳ ದಾಟುವ ಕಡೆ ಕೊಳವೆ ನೆಲದಿಂದ ಮೇಲಕ್ಕೆ ಬರುತ್ತದೆ, ಅಲ್ಲಿ ಕೂತು ಕಬ್ಬಿಣಕ್ಕೆ ಕಿವಿ ಇಟ್ಟು ಬಹಳ ಹೊತ್ತು ಕೇಳುತ್ತಿದ್ದಳು. ನನ್ನನ್ನು ಪೈಪಿನ ಸಾಮಿ ಎಂದು ಕರೆಯುತ್ತಿದ್ದಳು. ಮನೆಯಿಂದ ಕಡಲೆಕಾಯಿ ತಂದು ಕೊಡುತ್ತಿದ್ದಳು, ಅದನ್ನೂ ನಾನು ತಿಂದಿದ್ದೇನೆ.

"ಜ್ವರದಾಗೆ ನೀರು ನೀರು ಅಂತಿತ್ತು ಕೂಸು," ಎಂದು ಒಂದು ಸಲ ಹೇಳಿದಳು. "ಅಮ್ಮ ಮೈಮ್ಯಾಲೆ ಅವ್ಳೆ, ಕೊಡಬ್ಯಾಡ ಅಂದ್ರು ದೊಡ್ಡೋರು. ಕೊಡ್ಲಿಲ್ಲ ಸಾಮಿ. ಈಗ ನೋಡಿ, ಮಗ್ಗುಲಾಗೇ ನೀರು ಅರೀತೈತೆ. ಕುಡ್ಕೊಂತ ಮಾತಾಡ್ತೈತೆ. ನಂಗೆ ಕೇಳುಸ್ತೈತೆ."

ಮತ್ತೊಂದು ದಿನ ಕೆರೆಯ ಹತ್ತಿರ ರಿಪೇರಿ ಇತ್ತು. ಬೆಳಿಗ್ಗೆ ನಾನೇ ನಿಂತು ನೀರು ನಿಲ್ಲಿಸಿ ಬಂದಿದ್ದೆ, ಕೊಳವೆ ಖಾಲಿ. ಅವಳು ಕಿವಿ ಇಟ್ಟವಳು ತಲೆ ಎತ್ತಿ ನಕ್ಕಳು. "ಇವತ್ತು ಬಲೇ ಮಾತು," ಎಂದಳು. ಅವಳು ಹೋದ ಮೇಲೆ ನಾನೂ ಕಿವಿ ಇಟ್ಟೆ. ಒಳಗೆ ಏನೋ ಇತ್ತು. ತೀರ ಮೆಲ್ಲಗೆ, ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ, ಬಿಟ್ಟು ಬಿಟ್ಟು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿ ಸದ್ದು ಮಾಡುತ್ತದೆ. ಇದನ್ನು ನಾನು ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದವನು. ಆದರೂ ಆ ದಿನ ಕಿವಿ ಕಿತ್ತುಕೊಂಡು ಎದ್ದವನು ರಸ್ತೆ ಸೇರುವವರೆಗೂ ತಿರುಗಿ ನೋಡಲಿಲ್ಲ. ನನಗೆ ಭಯವಾಗಿತ್ತು.

ಆ ಹೊಂಗೆ ಮರದ ವಿಷಯವೂ ಹೇಳಬೇಕು. ಸುತ್ತ ಎಲ್ಲೂ ಬೇರೆ ನೆರಳಿಲ್ಲ. ಆದರೂ ದನ ಕಾಯುವವರು ಅದರ ಕೆಳಗೆ ಕೂರುವುದಿಲ್ಲ. ಕುರಿಮಂದೆ ಅದನ್ನು ಸುತ್ತು ಹಾಕಿಕೊಂಡು ಹೋಗುತ್ತದೆ. ಯಾಕೆಂದು ಒಬ್ಬ ಮುದುಕನನ್ನು ಕೇಳಿದೆ. "ಗೊತ್ತಿಲ್ಲ ಕಣ್ ಸಾಮಿ, ಮೊದ್ಲಿಂದ್ಲೂ ಅಂಗೇ," ಎಂದ. ಮೊದಲಿಂದಲೂ ಏನಲ್ಲ. ಯಾವತ್ತಿನಿಂದ ಎಂದು ನನಗೆ ಗೊತ್ತಿತ್ತು.

ನನಗೂ ಒಬ್ಬಳು ಮಗಳು ಹುಟ್ಟಿದಳು. ಆ ಸಂಜೆ ನಾನು ಗಾಡಿ ಹಿಡಿದು ಹೋಗಿ ನೋಡಿದ ಹುಡುಗಿಯೇ ಅವಳ ತಾಯಿ. ಮಗಳಿಗೆ ಜ್ವರ ಬಂದಾಗಲೆಲ್ಲ ಲೋಟ ಲೋಟ ನೀರು ಕುಡಿಸುತ್ತಿದ್ದೆ. ಹೆಂಡತಿ ನಗುತ್ತಿದ್ದಳು. ಅವಳಿಗೂ ನಾನು ಏನೂ ಹೇಳಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮುನಿಯಮ್ಮನ ಹಿರಿಮಗ ನನ್ನ ಮನೆಗೆ ಬಂದ. "ಅವ್ವ ಉಳಿಯಾಂಗಿಲ್ಲ ಸಾಮಿ. ನಾಗಿ ಪಕ್ಕದಾಗೇ ಇಡ್ರಿ ಅಂತವ್ಳೆ. ಕೊಳವೆ ಮಗ್ಗುಲಾಗೆ ಊಳಬಾರ್ದು ಅಂತ ಕಾನೂನಂತೆ. ನೀವ್ ಒಂದ್ ಮಾತೇಳಿದ್ರೆ ಆಗ್ತೈತೆ ಅಂತ ಕಳ್ಸವ್ಳೆ."

ಆಗಲಿ ಎಂದಿದ್ದರೆ ಅವಳು ಕೊನೆಯವರೆಗೂ ಯಾರೂ ಇಲ್ಲದ ಮಣ್ಣಿನ ಪಕ್ಕದಲ್ಲಿ ಮಲಗಿರುತ್ತಿದ್ದಳು. ಕಾನೂನು ಒಪ್ಪುವುದಿಲ್ಲ ಎಂದಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು — ಆ ಯೋಚನೆಯೂ ಬಂತು, ಬರಲಿಲ್ಲ ಎಂದರೆ ಇದು ಮೂರನೆಯ ಸುಳ್ಳಾದೀತು. ಅವನ ಜೊತೆಯಲ್ಲೇ ಹೊರಟೆ. ಚಾಪೆಯ ಮೇಲೆ ಮಲಗಿದ್ದವಳ ಹತ್ತಿರ ಕೂತು ಎಲ್ಲ ಹೇಳಿದೆ. ಬೇವಿನ ಸೊಪ್ಪು ನೋಡಿ ತಿರುಗಿ ಹೋದದ್ದು, ಗೂಟ ಕಿತ್ತದ್ದು, ಹೊಂಗೆ ಮರ. ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

ಮುನಿಯಮ್ಮ ಸೂರಿನ ಕಡೆ ನೋಡಿದಳು. "ಅಂಗಾರೆ ಅಲ್ಲಿ ಮಾತಾಡಿದ್ಯಾರು?" ಎಂದಳು. ಆಮೇಲೆ ಮೊದಲ ಸಲ ನನ್ನನ್ನು 'ನೀನು' ಎಂದಳು.

"ಎಂಗ್ ಎತ್ಕೊಂಡೋದೆ ನೀನು? ಎದೆಗಾಕ್ಕೊಂಡಾ?"

ಹೌದು ಎನ್ನಬಹುದಿತ್ತು. ಸಾಯುವವಳಿಗೆ ಅಷ್ಟು ಸಮಾಧಾನ ಕೊಟ್ಟರೆ ಯಾರ ಗಂಟು ಹೋಗುತ್ತಿತ್ತು? ಆದರೆ ಅವಳಿಗೆ ನಾನು ಸಮಾಧಾನವನ್ನೇ ಕೊಟ್ಟುಕೊಂಡು ಬಂದಿದ್ದೆ.

"ಇಲ್ಲ," ಎಂದೆ. "ಮಣ್ಣು ಹೊರುವ ಮಂಕರಿಯಲ್ಲಿ. ಮುಖ ಆ ಕಡೆ ತಿರುಗಿಸಿಕೊಂಡು."

ಅವಳು ಗೋಡೆಯ ಕಡೆಗೆ ಹೊರಳಿದಳು. ಕತ್ತಲಾಗುವವರೆಗೆ ಕೂತಿದ್ದು ಎದ್ದು ಬಂದೆ. ಆ ವಾರವೇ ತೀರಿಕೊಂಡಳು.

ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿದರು. ಎಲ್ಲಿ ಎಂದು ಮಗನಿಗೆ ನಾನೇ ತೋರಿಸಿದೆ. ಊರಿನವರು ಒಬ್ಬೊಬ್ಬರಾಗಿ ಬಗ್ಗಿ ಮೂರು ಮೂರು ಹಿಡಿ ಮಣ್ಣು ಹಾಕಿದರು. ನನ್ನ ಸರದಿ ಬಂದಾಗ ನಾನೂ ಬಗ್ಗಿ ಒಂದು ಹಿಡಿ ತೆಗೆದುಕೊಂಡೆ. ಅವಳ ಮಗ ನನ್ನ ಮಣಿಕಟ್ಟನ್ನು ಹಿಡಿದುಕೊಂಡ. ಸಿಟ್ಟಿರಲಿಲ್ಲ, ಗಟ್ಟಿಯಾಗಿಯೂ ಹಿಡಿದಿರಲಿಲ್ಲ.

"ಬ್ಯಾಡ ಸಾಮಿ," ಎಂದ. "ನೀವ್ ಇಲ್ಲಿ ಒಂದ್ಸಲ ಆಕಿದ್ದೀರಿ."

ಮಣ್ಣನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಸರಿದು ನಿಂತೆ. ಅವನು ಹೇಳಿದ್ದು ಸರಿಯಾಗಿತ್ತು.