ಕಿಟ್ಟಿಗೆ ತಂದ ಮೀನು

ಜೆ.ಪಿ. ನಗರದ ಕಮಲಾದೇವಿಯವರ ಮನೆಯಲ್ಲಿ ಮೀನು ತಿನ್ನುವ ಜೀವ ಒಂದೇ, ಬೆಕ್ಕು ಕಿಟ್ಟಿ. ಲಿಂಗಪೂಜೆಯ ಮನೆ, ಮೀನಿನ ಡಬ್ಬಿ ಒಳಗೆ ಬರುವಂತಿಲ್ಲ. ಹಿಂದಿನ ಬಾಲ್ಕನಿಯಲ್ಲಿ ಡಬ್ಬಿ ತೆರೆದು, ಬೆಕ್ಕಿಗೆ ಬಡಿಸಿ, ಕೈ ತೊಳೆದು ಒಳಗೆ ಬರುವುದು ಕೆಲಸದ ತಿಮ್ಮಕ್ಕನ ಪಾಲಿಗೆ ಬಂದಿತ್ತು. ಕೋಣನಕುಂಟೆಯಿಂದ ಬಂದು ಹದಿನಾರು ವರ್ಷ ಆ ಮನೆಯ ಪಾತ್ರೆ ತಿಕ್ಕಿದವಳು. ಕೊಟ್ಟದ್ದಕ್ಕೆ ಕೊಂಕು ತೆಗೆಯುವ ಪೈಕಿಯಲ್ಲ. ಹಳಸಿದ ಉಪ್ಪಿಟ್ಟು ಕೊಟ್ಟರೂ ಮರುದಿನ ‘ಚೆನ್ನಾಗಿತ್ತಮ್ಮ’ ಎನ್ನುವುದು ಅವಳ ಮರ್ಯಾದೆ.

ಒಂದು ಸೋಮವಾರ ಕಮಲಾದೇವಿಯವರ ಮೊಬೈಲಿಗೆ ಅಂಗಡಿಯಿಂದ ಮೆಸೇಜು ಬಂತು. ಅವರು ಕಿಟ್ಟಿಗೆಂದು ಕೊಂಡ ಬ್ಯಾಚಿನ ಡಬ್ಬಿಗಳಲ್ಲಿ ಮೀನು ಕೆಟ್ಟು ವಿಷವಾಗಿರಬಹುದು, ಕಂಪನಿ ವಾಪಸ್ ತರಿಸಿಕೊಳ್ಳುತ್ತಿದೆ, ಯಾರೂ ತಿನ್ನಬೇಡಿ ಎಂದಿತ್ತು. ಅವರು ಎರಡು ಸಲ ಓದಿ, ಕಿಟ್ಟಿಯ ತಲೆ ಸವರಿದರು. ಬಾಲ್ಕನಿಯಲ್ಲಿ ನಾಲ್ಕು ಡಬ್ಬಿ ಇದ್ದವು.

“ತಿಮ್ಮಕ್ಕ, ಎರಡು ಡಬ್ಬಿ ನೀನು ತಗೊಂಡ್ಹೋಗು. ನಿಮ್ಮನೆಯವ್ರಿಗೆ ಮೀನು ಅಂದ್ರೆ ಪ್ರಾಣ ಅಲ್ವಾ?”

ಮೆಸೇಜಿನ ಮಾತು ಎತ್ತಲಿಲ್ಲ. ಮರೆತದ್ದಲ್ಲ. ಬೆಕ್ಕಿನ ಮೇಲೆ ಅವರಿಗಿದ್ದ ಅಂತಃಕರಣ ಅಂಥದ್ದು.

ತಿಮ್ಮಕ್ಕನಿಗೆ ಕಣ್ಣು ತುಂಬಿ ಬಂತು. ಗಂಡ ಗಂಗಯ್ಯ ಕಾಮಾಲೆಯಲ್ಲಿ ಮಲಗಿ ಎದ್ದು ತಿಂಗಳಾಗಿತ್ತು, ಗಂಜಿ ಬಿಟ್ಟು ಬೇರೇನೂ ಕಂಡಿರಲಿಲ್ಲ. ಸಂಜೆ ಹುಣಸೆಹುಳಿ ಹಿಂಡಿ ಮೀನಿನ ಸಾರು ಮಾಡಿದಳು. ಅವನಿಗೇ ಸಾಲಲಿ ಎಂದು ತಾನು ಮುದ್ದೆಗೆ ಉಪ್ಪಿನಕಾಯಿ ನೆಂಚಿಕೊಂಡಳು. ಗಂಗಯ್ಯ ಬೆರಳು ಚೀಪಿಕೊಂಡು ಉಂಡ.

ಬೆಳಗಾಗುವಷ್ಟರಲ್ಲಿ ವಾಂತಿ, ಭೇದಿ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದ್ದಾಯಿತು. ಬುಧವಾರ ಪಕ್ಕದ ಮನೆಯ ಪಾರವ್ವನನ್ನು ಅವನ ಬಳಿ ಕೂರಿಸಿ, ಮತ್ತೊಂದು ದಿನ ತಪ್ಪಿಸಿದರೆ ಕೆಲಸ ಹೋದೀತೆಂದು ತಿಮ್ಮಕ್ಕ ಓಡಿ ಬಂದಳು.

“ಮೀನು ತಿಂದ್ರಾ? ಏನಾದ್ರೂ ತೊಂದ್ರೆ ಆಯ್ತಾ?” ಕಮಲಾದೇವಿಯವರು ಬಾಗಿಲಲ್ಲೇ ಕೇಳಿದರು.

ಹದಿನಾರು ವರ್ಷದಲ್ಲಿ ಅವರು ಹೀಗೆ ವಿಚಾರಿಸಿದ್ದು ಇದೇ ಮೊದಲು. ಅಷ್ಟು ಪ್ರೀತಿಯಿಂದ ಕೊಟ್ಟವರಿಗೆ ಕೆಟ್ಟ ಹೆಸರು ಹೊರಿಸುವುದು ಹೇಗೆ? ಗಂಗಯ್ಯನ ಹೊಟ್ಟೆಯೇ ಸರಿಯಿಲ್ಲ ಎಂದುಕೊಂಡಳು.

“ಏನಿಲ್ಲಮ್ಮ, ಬಲು ರುಚಿಯಾಗಿತ್ತು. ನಿಮ್ ಹೆಸರು ಹೇಳ್ಕೊಂಡು ತಿಂದ್ವಿ.”

“ಸದ್ಯ! ಹಾಗಾದ್ರೆ ಉಳಿದಿರೋದನ್ನ ಕಿಟ್ಟಿಗೆ ಹಾಕು. ವಿಷ ಆಗಿದೆ, ವಾಪಸ್ ಕೊಡಿ ಅಂತ ಮೆಸೇಜು ಕಳ್ಸಿ ಹೆದರಿಸ್ಬಿಟ್ಟಿದ್ರು. ನೀವು ತಿಂದು ಆರಾಮಾಗಿದ್ದೀರಲ್ಲ, ಇನ್ನೇನು ಭಯ?”

ತಿಮ್ಮಕ್ಕನಿಗೆ ಆಸ್ಪತ್ರೆಯಲ್ಲಿ ಮಲಗಿದ್ದ ಗಂಗಯ್ಯ ನೆನಪಾದ. ಆದರೂ ಹೇಳಿದ್ದನ್ನು ಮಾಡಿ ರೂಢಿಯಾದ ಕೈ, ಡಬ್ಬಿ ತೆರೆದು ತಟ್ಟೆಗೆ ಸುರಿದೇಬಿಟ್ಟಿತು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಪಾರವ್ವ ಅಳುತ್ತಿದ್ದಳು.

“ಯಜಮಾನ್ರು ಹೋಗ್ಬಿಟ್ರು ಕಣಕ್ಕ. ತಿಂದಿದ್ದ್ ಮೀನಲ್ಲೇ ವಿಷ ಇತ್ತಂತೆ, ಡಾಕ್ಟ್ರು ಹೇಳಿದ್ರು.”

ಕಿಟ್ಟಿ ಆಗಲೇ ತಟ್ಟೆಗೆ ಮೂತಿ ಇಟ್ಟಿತ್ತು. ತಿಮ್ಮಕ್ಕ ತಟ್ಟೆಯನ್ನು ಕಾಲಿನಿಂದ ಒದ್ದಳು. ಸದ್ದಿಗೆ ಓಡಿ ಬಂದ ಕಮಲಾದೇವಿಯವರಿಗೆ, “ಬ್ಯಾಡಿ ಅಮ್ಮ, ವಿಷ, ನಮ್ಮನೆಯವರು ಹೋದ್ರು” ಎಂದಷ್ಟೇ ಹೇಳಿದಳು.

ಅವರು ಬೆಕ್ಕನ್ನು ಬಾಚಿ ಎದೆಗೊತ್ತಿಕೊಂಡು ಅದರ ಬಾಯಿ ಬಿಡಿಸಿ ನೋಡಿದರು.

“ಇದು ಮೂಕಪ್ರಾಣಿ ಕಣೇ ಪಾಪಿ! ನಿನಗೆ ಬಾಯಿತ್ತಲ್ಲ, ಕೇಳ್ದಾಗ ಹೇಳೋಕೆ ಏನಾಗಿತ್ತು?”